ನೀಲಿ ಬಾಗಿಲ ಬೇಕರಿಯಲ್ಲಿ ಕೊಲೆ

“ವಿಜಯಕ್ಕಾ, ಉದಯ್‌ನ ಪೊಲೀಸ್ನೋರು ಕರ್ಕೊಂಡು ಹೋದ್ರು. ಸಿದ್ದಲಿಂಗಪ್ಪನವರನ್ನ ಕೊಂದಿದ್ದು ಇವನೇ ಅಂತೆ.”

ಬಾಗಿಲಲ್ಲಿ ನಿಂತ ಉದಯ್‌ನ ಹೆಂಡತಿ ಸಿರಿಶಾ ಹೇಳಿದ್ದು ಇಷ್ಟೇ, ಆಮೇಲೆ ಬರೀ ಅಳು. ತುಂಬು ಬಸುರಿ. ಅವಳನ್ನು ಸೋಫಾದಲ್ಲಿ ಕೂರಿಸಿ ನಾನು ಗೋಡೆಗೆ ಗುದ್ದಿದೆ. ಲಂಡನ್ನಿನ ಹ್ಯಾರೋದ ನಮ್ಮ ಜೋಡಿಮನೆಯ ಇನ್ನೊಂದು ಅರ್ಧದಲ್ಲಿ ಇಜಾಬೆಲ್ ಬಾಯಿ ಇರುವುದು. ಗುದ್ದಿದರೆ ಅವರು ಬರುವುದು ವಾಡಿಕೆ. ಉಡುಪಿ ಕಡೆಯವರು, ರಿಟೈರಾದ ನರ್ಸ್. ನಮ್ಮ ಕನ್ನಡದವರಲ್ಲಿ ಯಾರ ಮನೆಯ ಸಿಕ್ಕನ್ನಾದರೂ ಬಿಡಿಸುವವರು ಅವರು, ಹಿಂದೆ ಹಿಂದೆ ಓಡುವವಳು ನಾನು. ನನಗೆ ಮೂಗಿನ ತುದಿಯಲ್ಲೇ ಕೋಪ, ಅವರಿಗೆ ಮಣಗಟ್ಟಲೆ ತಾಳ್ಮೆ.

೧೯೯೯ರ ಯುಗಾದಿಗೆ ನಾವೊಂದು ನಾಟಕ ಆಡುವವರಿದ್ದೆವು. ದಾವಣಗೆರೆಯ ಸಿದ್ದಲಿಂಗಪ್ಪನವರು, ನಮ್ಮೆಲ್ಲರ ಬಾಯಲ್ಲಿ ಅಣ್ಣ, ಬರೆದು ನಿರ್ದೇಶಿಸುತ್ತಿದ್ದ ಕೊಲೆಯ ನಾಟಕ. ಅದೂ ಫ್ರಾನ್ಸಿನ ಪುಟ್ಟ ಹಳ್ಳಿಯೊಂದರಲ್ಲಿ ನಡೆಯುವ ಕತೆ. ಚರ್ಚ್ ಹಾಲಿನ ವೇದಿಕೆ ಮೇಲೆ ಪ್ಲೈವುಡ್ಡಿನ ಹಳ್ಳಿ ಎದ್ದಿತ್ತು: ಗಂಟೆಗೋಪುರ, ಬಾವಿ, ಒಂದು ಬೇಕರಿ. ಬೇಕರಿಯೊಳಗೆ ಇಡಲು ನನ್ನ ಮನೆಯ ಚಪಾತಿ ಲಟ್ಟಣಿಗೆ ಕೊಟ್ಟಿದ್ದೆ.

ಶನಿವಾರ ಬೆಳಿಗ್ಗೆ ಪರದೆಗೆ ಇಸ್ತ್ರಿ ಹಾಕಲು ನಾನೂ ಬಾಯಿಯೂ ಹೋದರೆ, ಅಣ್ಣ ಬಾವಿಯ ಪಕ್ಕ ಬಿದ್ದಿದ್ದರು. ನಾಟಕದಲ್ಲಿ ಸಾಯುವ ಮೇಯರ್ ಪಾತ್ರ ಅವರದೇ. ಪ್ರಾಕ್ಟೀಸ್ ನಡೆದಿದೆ ಅಂದುಕೊಂಡು ನಾನು ಚಪ್ಪಾಳೆ ತಟ್ಟಿಬಿಟ್ಟೆ. ಬಾಯಿ ನಾಡಿ ನೋಡಿ ಶಿಲುಬೆ ಗುರುತು ಹಾಕಿಕೊಂಡಾಗಲೇ ನನಗೆ ತಿಳಿದದ್ದು. ತಲೆಯ ಹತ್ತಿರ ನನ್ನ ಲಟ್ಟಣಿಗೆ ಬಿದ್ದಿತ್ತು.

ಪೊಲೀಸರು ಬರುವ ತನಕ ಬಾಯಿ ಬೇಕರಿಯ ಬಾಗಿಲನ್ನೇ ನೋಡುತ್ತಿದ್ದರು. ಶುಕ್ರವಾರ ಸಂಜೆ ನಾವು ಹೊರಡುವಾಗ ಬರೀ ಹಲಗೆಯಾಗಿದ್ದ ಬಾಗಿಲಿಗೆ ಈಗ ನೀಲಿ ಬಣ್ಣ. ಭುಜದ ಎತ್ತರದಲ್ಲಿ ಯಾರೋ ತಾಗಿಸಿಕೊಂಡು ಹೋದಂತೆ ಬಣ್ಣ ಅಳಿಸಿತ್ತು. ಅಣ್ಣನ ಅಂಗಿಯ ತೋಳಿನಲ್ಲಾಗಲೀ ಭುಜದಲ್ಲಾಗಲೀ ನೀಲಿ ಇರಲಿಲ್ಲ.

ಅಣ್ಣ ಪ್ರತಿ ರಿಹರ್ಸಲ್ಲನ್ನೂ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದರು. ನಾವೆಲ್ಲ ಹೋದ ಮೇಲೂ ಟೇಪ್ ಓಡುತ್ತಲೇ ಇತ್ತು. ಅದರಲ್ಲಿ ಸಿಕ್ಕಿದ್ದು ಅಣ್ಣನ ಜೊತೆ ಉದಯ್‌ನ ಜಗಳ: ತನ್ನ ಪಾತ್ರ ಕತ್ತರಿಸಿದ್ದಕ್ಕೆ ಕೂಗಾಡಿ ಹೊರಟಿದ್ದಾನೆ. ಪೊಲೀಸರಿಗೆ ಕನ್ನಡ ಬರುತ್ತದೆಯೇ? ನಮ್ಮ ಕನ್ನಡ ಬಳಗದ ಟ್ರೀಸಾಳ ಮಗಳು ಮೆಲಿಷಾಳನ್ನು ಕೂರಿಸಿಕೊಂಡು ಕೇಳಿದ್ದಾರೆ. ಲಂಡನ್ನಿನಲ್ಲೇ ಹುಟ್ಟಿದ ಹುಡುಗಿ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಕೊನೆಗೆ ಉದಯ್ “ಮತ್ತೆ ಬಂದೇ ಬರುತ್ತೇನೆ” ಅಂದ, ಅಣ್ಣ “ಬಾ” ಅಂದರು, ಅಲ್ಲಿಗೆ ಟೇಪ್ ಮುಗಿಯಿತು ಎಂದು ಅವಳು ತಿಳಿಸಿದ್ದಾಳೆ. ಬೆದರಿಕೆ, ಸವಾಲು, ಕೊಲೆ. ಪೊಲೀಸರಿಗೆ ಇನ್ನೇನು ಬೇಕು?

“ಅವನು ಕೋಪಿಷ್ಠ, ನಿಜ,” ಗುದ್ದು ಕೇಳಿ ಬಂದ ಬಾಯಿಗೆ ಹೇಳುತ್ತ ಸಿರಿಶಾ ಮೂಗೊರೆಸಿಕೊಂಡಳು. “ಆದ್ರೆ ಬೈದು ಮುಗಿಸಿ ಮಲಗಿಬಿಡೋ ಜಾತಿ, ಬಾಯಿ. ಮಗು ಹುಟ್ಟೋ ಹೊತ್ತಿಗೆ ಅವನು ಜೈಲಲ್ಲಿದ್ರೆ ನಾನೇನ್ ಮಾಡ್ಲಿ?”

ಬಾಯಿ ಅವಳ ತಲೆ ಸವರಿ ಕೋಟು ಹಾಕಿಕೊಂಡರು. ನಾನು ಆಗಲೇ ಬಾಗಿಲಲ್ಲಿದ್ದೆ, ಬೇಟೆ ಶುರುವಾಯಿತಲ್ಲ!

ಗ್ರೀನ್‌ಫರ್ಡಿನ ಟ್ರೀಸಾಳ ಮನೆಯಲ್ಲಿ ಮೆಲಿಷಾ ಮತ್ತು ಅವಳನ್ನು ಈಸ್ಟರ್ ಆದ ಮೇಲೆ ಮದುವೆಯಾಗಬೇಕಿದ್ದ ಶಿವಪ್ರಕಾಶ ಕೂತಿದ್ದರು. ಅವನೂ ದಾವಣಗೆರೆಯವನೇ, ಬಲು ನಯವಂತ. ಆ ಚಳಿಯಲ್ಲಿ ಬರೀ ಸ್ವೆಟರಿನಲ್ಲಿ ನಡುಗುತ್ತಿದ್ದ. ಕೋಟೆಲ್ಲಪ್ಪಾ ಅಂದರೆ, ಡ್ರೈಕ್ಲೀನಿಗೆ ಕೊಟ್ಟಿದ್ದೀನಿ ಅಂದ. ಶುಕ್ರವಾರ ಸಂಜೆ ತಾನು ರೂಮಿನಲ್ಲೇ ಇದ್ದನಂತೆ. ಅಣ್ಣ ಫೋನ್ ಮಾಡಿ, ಉದಯ್ ಮತ್ತೆ ಬರ್ತೀನಿ ಅಂತ ಹೆದರಿಸಿ ಹೋಗಿದಾನೆ, ಕಾಯ್ತಾ ಕೂತಿದೀನಿ ಅಂದರಂತೆ. ಭಾನುವಾರ ಪೊಲೀಸರಿಗೂ ಅದನ್ನೇ ಹೇಳಿ ಬಂದಿದ್ದ.

ಬಾಯಿ ಮೆಲಿಷಾಳ ಕಡೆ ತಿರುಗಿದರು. “ಟೇಪಿನಲ್ಲಿ ಕೇಳಿದ್ದನ್ನ ಕನ್ನಡದಲ್ಲೇ ಹೇಳು ಮಗಾ.”

ಮೆಲಿಷಾ ತಡವರಿಸಿದಳು. “ಸರಿ ಅಣ್ಣಾ, ಬರ್ತೀನಿ. ದೆನ್ ಅಂಕಲ್ ಸೆಡ್, ಹೂಂ, ಬಾಪ್ಪ.”

ಪೊಲೀಸರಿಗೆ ಹೇಳಿದ ಮೇಲೆ ಇದನ್ನು ಶಿವಪ್ರಕಾಶನಿಗೂ ಹೇಳಿದೆಯಾ ಅಂತ ಬಾಯಿ ಕೇಳಿದರು. ಶನಿವಾರವೇ ಹೇಳಿದೆ, ಇಂಗ್ಲಿಷಿನಲ್ಲೇ ಹೇಳಿದೆ ಅಂದಳು.

ಮನೆಗೆ ಬರುವಾಗ ನನಗೆ ತಟ್ಟನೆ ನೆನಪಾಯಿತು: ಗುರುವಾರ ಚಹಾ ಕುಡಿಯುತ್ತ ಅಣ್ಣ, ದಾವಣಗೆರೆಯಿಂದ ತಂಗಿ ರತ್ನವ್ವ ಏನೋ ಸುದ್ದಿ ತಿಳಿಸಿದ್ದಾಳೆ, ಟ್ರೀಸಾಗೆ ಹೇಳದೆ ವಿಧಿಯಿಲ್ಲ ಅಂತ ಪೇಚಾಡಿದ್ದರು.

“ಇದನ್ನ ಈಗ ಹೇಳೂದಾ ಮಾರಾಯ್ತಿ!” ಬಾಯಿ ಮನೆಗೆ ಹೋದವರೇ ಫೋನ್ ಹಿಡಿದು ಕೂತರು, ಮೊದಲು ದಾವಣಗೆರೆಗೆ, ಆಮೇಲೆ ಇನ್ಸ್‌ಪೆಕ್ಟರಿಗೆ.

ಮರುದಿನ ಮಧ್ಯಾಹ್ನ ಎಲ್ಲರೂ ಆ ಪ್ಲೈವುಡ್ ಹಳ್ಳಿಯಲ್ಲೇ ಸೇರಿದೆವು. ಟ್ರೀಸಾ, ಮೆಲಿಷಾ, ಶಿವಪ್ರಕಾಶ ಗೋಪುರದ ಕೆಳಗೆ. ಸಿರಿಶಾ ನನ್ನ ಪಕ್ಕ. ಇನ್ಸ್‌ಪೆಕ್ಟರ್ ಬಾವಿಯ ಕಟ್ಟೆ ಮೇಲೆ. ಅವನ ಜೊತೆಗಿದ್ದ ಪೊಲೀಸಿನವನ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ.

“ವಿಜಯಾ, ನಮ್ಮ ಮನೆಯಿಂದ ಹೊರಡುವಾಗ ನೀನು ಎಂತ ಹೇಳ್ತಿ?” ಬಾಯಿ ಶುರುಮಾಡಿದರು.

“ಬರ್ತೀನಿ ಅಂತೀನಿ. ಇನ್ನೇನು, ಹೋಗ್ತೀನಿ ಅಂತಾರಾ? ಬಿಡ್ತು ಅನ್ನಿ.”

ಅಂದವಳೇ ನಾಲಿಗೆ ಕಚ್ಚಿಕೊಂಡೆ. ಅಯ್ಯೋ, ಇಷ್ಟು ದಿನ ನನ್ನ ಬಾಯಲ್ಲೇ ಇತ್ತಲ್ಲ!

ಬಾಯಿ ಅದನ್ನು ಇನ್ಸ್‌ಪೆಕ್ಟರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಹೋಗ್ತೀನಿ ಅಂದರೆ ನಮ್ಮಲ್ಲಿ ಅಪಶಕುನ. ಸಿಟ್ಟಿನಲ್ಲಿ ಎದ್ದು ಹೋಗುವವನೂ ಬರ್ತೀನಿ ಅಂದೇ ಹೊರಡುತ್ತಾನೆ, ಮನೆಯವರು ಬಾಪ್ಪ ಅಂದೇ ಕಳಿಸುತ್ತಾರೆ. ಉದಯ್ ಹೇಳಿದ್ದು ಬರೀ ವಿದಾಯ. ಹುಟ್ಟಿದಾಗಿನಿಂದ “ಬೈ” ಅಂದೇ ಬೆಳೆದ ಮೆಲಿಷಾಗೆ ಅದು ತಿಳಿಯಲಿಲ್ಲ, ಅವಳದು ತಪ್ಪಲ್ಲ.

ಆಮೇಲೆ ಶಿವಪ್ರಕಾಶನತ್ತ ತಿರುಗಿದರು. “ಆದ್ರೆ ಅಣ್ಣನಿಗೆ ಕನ್ನಡ ಬರ್ತಿತ್ತು ಅಲ್ವಾ? ಅವರು ಅದನ್ನ ಬೆದರಿಕೆ ಅಂದುಕೊಳ್ಳೂದುಂಟಾ? ಆ ತಪ್ಪು ಅರ್ಥ ಹುಟ್ಟಿದ್ದೇ ಶನಿವಾರ, ಈ ಹುಡುಗಿಯ ಇಂಗ್ಲಿಷಲ್ಲಿ. ಶುಕ್ರವಾರ ಸಂಜೆ ಅಣ್ಣ ನಿನಗೆ ಅದನ್ನ ಹೇಗೆ ಹೇಳಿದ್ರು?”

ಶಿವಪ್ರಕಾಶನ ಕಣ್ಣು ಪೊಲೀಸಿನವನ ಕೈಯಲ್ಲಿದ್ದ ಚೀಲದ ಕಡೆ ಹೋಯಿತು.

ಉಳಿದದ್ದು ಸಲೀಸಾಗಿ ಬಿಚ್ಚಿಕೊಂಡಿತು. ಲಟ್ಟಣಿಗೆ ಬೇಕರಿಯೊಳಗಿತ್ತು. ಅದನ್ನು ತರಲು ಒಳಹೊಕ್ಕವನು, ಉದಯ್ ಹೋದ ಮೇಲೆ ಅಣ್ಣ ಬಳಿದ ಹಸಿ ಬಣ್ಣವನ್ನು ಒರೆಸಿಕೊಂಡೇ ಹೋಗಿದ್ದ. ಪೊಲೀಸಿನವನು ಚೀಲದಿಂದ, ಡ್ರೈಕ್ಲೀನರಿನವನು ಇನ್ನೂ ಮುಟ್ಟದಿದ್ದ ಬೂದು ಕೋಟು ತೆಗೆದ. ಭುಜದ ಮೇಲೆ ಅದೇ ನೀಲಿ.

“ರತ್ನವ್ವನ ಹತ್ತಿರ ಮಾತಾಡಿದೆ,” ಅಂದರು ಬಾಯಿ. ಅವರ ದನಿ ಸಣ್ಣದಾಯಿತು. “ದಾವಣಗೆರೆಯಲ್ಲಿ ಇವನಿಗೆ ಹೆಂಡತಿ ಇದ್ದಾಳೆ ಟ್ರೀಸಾ, ಒಂದು ಮಗೂ ಉಂಟು. ನೀನೇ ಹೇಳಿಬಿಡು, ಇಲ್ಲದಿದ್ರೆ ನಾನು ಹೇಳ್ತೇನೆ ಅಂತ ಅಣ್ಣ ಇವನನ್ನ ಕರೆಸಿದ್ದರು. ಪಾಪ, ಮರ್ಯಾದೆಯಿಂದ ಬಗೆಹರಿಸುವಾ ಅಂದುಕೊಂಡರು.”

ಸಿರಿಶಾ ನನ್ನ ಕೈ ಹಿಡಿದು ಅಳುತ್ತಲೇ ನಕ್ಕಳು. ಸಂಜೆಯೊಳಗೆ ನಿನ್ನ ಗಂಡ ಮನೆಯಲ್ಲಿರುತ್ತಾನೆ ಅಂತ ಇನ್ಸ್‌ಪೆಕ್ಟರ್ ಮಾತು ಕೊಟ್ಟ. ನನಗೋ ಕುಣಿಯಬೇಕೆನ್ನಿಸಿತು, ಆದರೆ ಟ್ರೀಸಾಳ ಮುಖ ನೋಡಿ ಸುಮ್ಮನಾದೆ.

ಶಿವಪ್ರಕಾಶನಿಗೆ ಕೋಳ ಹಾಕಿದರು. ನಮ್ಮ ಮುಂದೆ ಹಾದು ಹೋಗುವಾಗ, ಅಭ್ಯಾಸಬಲವೋ ಏನೋ, ಟ್ರೀಸಾಳ ಮುಂದೆ ತಲೆತಗ್ಗಿಸಿ “ಬರ್ತೀನಿ ಆಂಟಿ” ಅಂದ.

ಯಾರೂ ಹೂಂ ಅನ್ನಲಿಲ್ಲ. ಮೆಲಿಷಾ ಎದ್ದು ನಿಂತಳು. ಅಷ್ಟು ವರ್ಷದಲ್ಲಿ ಅವಳು ತಾನಾಗಿ ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಬರಬೇಡ,” ಅಂದಳು. “ಹೋಗು.”