ಮದಗುಣಕಿಗೆ ಕಟ್ಟಿದ ಹೆಸರು

“ಅಕ್ಕಾರ, ಆ ಹಳೀ ಮದಗುಣಕಿಗೆ ನಿಮ್ಮ ಹೆಸರು ಬರದು ಕಟ್ಟಬ್ಯಾಡ್ರಿ. ಕಣ್ಣು ಹೋಗ್ತಾವ.”

ಹೀಗೆಂದವಳು ಹದಿನೇಳರ ಸುಮಲತಾ. ಎರಡು ವರ್ಷದ ಹಿಂದೆ ಯಾರೋ ಮಾಟ ಮಾಡಿ, ವನದುರ್ಗದ ಅವರ ಹಿತ್ತಲಿನ ಆ ವಿಷದ ದತ್ತೂರಿ ಗಿಡಕ್ಕೆ ಅವಳ ಹೆಸರಿನ ತಗಡು ಸುತ್ತಿದ್ದರಂತೆ. ಮೂರೇ ದಿನಕ್ಕೆ ಹುಡುಗಿ ಕುರುಡಿ. ತಗಡು ಕಿತ್ತೆಸೆದರೂ ಬೆಳಕು ಮರಳಲಿಲ್ಲ.

ಸಪ್ನಾ ನಕ್ಕುಬಿಟ್ಟಳು. ಶಹಾಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಸಂಶೋಧನೆಗೆಂದು ಮದಗುಣಕಿ ಬೆಳೆಸಲು ಅದೇ ಹಿತ್ತಲನ್ನು ಬಾಡಿಗೆಗೆ ಹಿಡಿದಿದ್ದಳು. “ಗಿಡಕ್ಕ ಓದಾಕ ಬರತದೇನ ತಂಗಿ? ಅದರ ರಸ ಕಣ್ಣಿಗೆ ಹತ್ತಬಾರದು, ಅಷ್ಟ. ಸಬಕಾರ ಹಚ್ಚಿ ಕೈ ತೊಳಕೊಂಡ್ರ ನಿಮ್ಮ ಮಾಟಾನೂ ಓಡಿ ಹೋಗ್ತದ!”

ಮೂರು ತಿಂಗಳು ಎಲ್ಲ ಸುಸೂತ್ರ. ಬೀಜ ಊರಿದಳು, ಸಸಿ ಎಬ್ಬಿಸಿದಳು, ಬರಿಗೈಯಲ್ಲಿ ಒಂದು ಎಲೆಯನ್ನೂ ಮುಟ್ಟಲಿಲ್ಲ. ಮುಳ್ಳುಕಾಯಿ ಒಡೆಯುವಾಗ ಕೈಗವಸು, ಕನ್ನಡಕ, ಮೂಗಿಗೆ ಬಟ್ಟೆ. ಸುಮಲತಾಳ ತಾಯಿ ರೇಣಮ್ಮ ದಿನವೂ ಬಿಸಿರೊಟ್ಟಿ, ಪುಂಡಿಪಲ್ಯ ತಂದಿಡುವಳು. “ನೀ ನನ್ನ ಇನ್ನೊಂದು ಮಗಳವ್ವಾ” ಎಂದು ತಲೆ ಸವರುವಳು. ತಾಯಿಯಿಲ್ಲದ ಸಪ್ನಾ ಆ ಮಾತಿಗೆ ಪೂರ್ತಿ ಸೋತಿದ್ದಳು, ಪಾಪ.

ಒಂದು ಮುಂಜಾನೆ ರೇಣಮ್ಮ ಹೇಳಿದಳು. “ಯವ್ವಾ, ಪೂಜಿಗಂತ ಯಾರ್‍ಯಾರೋ ಬಂದು ಹೂ ಹರಕೊಂಡು ಹೋಗಾಕತ್ತಾರ. ಆ ಹಳೀ ಗಿಡಕ್ಕ ನಿನ್ನ ಹೆಸರಿನ ಚೀಟಿ ಕಟ್ಟು. ನಿನ್ನ ಕೈಲೇ ಕಟ್ಟು ಮತ್ತ.”

ಸುಮಲತಾಳ ಮಾತು ನೆನಪಾಗಿ ಸಪ್ನಾಳಿಗೆ ನಗು ಬಂತು. ನಗುತ್ತಲೇ ಕಟ್ಟಿದಳು.

ಮೂರನೆಯ ದಿನ, ಸುಡು ಮಧ್ಯಾಹ್ನ. ಹಿತ್ತಲ ತುಂಬ ಜಜ್ಜಿದ ಎಲೆಯ ಹಸಿ ನಾತ. ಗಾಳಿಯಿಲ್ಲ, ಹಕ್ಕಿಯ ದನಿಯಿಲ್ಲ. ಒಣಗಿದ ಕಾಯಿಗಳು ಮಾತ್ರ ಟಪ್, ಟಪ್ ಎಂದು ಬಿರಿಯುತ್ತಿದ್ದವು. ಬಿಸಿಲು ಕಣ್ಣೊಳಗೆ ಸೂಜಿಯಂತೆ ಇಳಿಯಿತು. ಕೈಗವಸು ಹರಿದಿದೆಯೇ? ಇಲ್ಲ. ಕೈ ತೊಳೆದಿಲ್ಲವೇ? ಎರಡು ಸಲ ತೊಳೆದಿದ್ದಳು. ನಾಲಿಗೆ ಒಣಗಿತು. ಗಂಟಲು ಕಟ್ಟಿತು. ಗೋಡೆ ಕರಗಿತು. ಆಕಾಶ ಕರಗಿತು. ಕತ್ತಲು. ನಡುಹಗಲಲ್ಲೇ ಗವ್ವೆನ್ನುವ ಕತ್ತಲು!

ಎಡವುತ್ತ, ಬೀಳುತ್ತ, ತಡಕಾಡುತ್ತ ಮನೆಯ ಬಾಗಿಲಿಗೆ ಬಂದಳು. ಕೂಗಿದಳು. ದನಿಯೇ ಹೊರಡಲಿಲ್ಲ. ಯಾರೋ ತೋಳು ಹಿಡಿದರು. ರೇಣಮ್ಮ! ಸದ್ಯ, ಬದುಕಿದೆ ಅಂದುಕೊಂಡಳು.

“ಇನ್ನೊಬ್ಬರು ತಾವಾಗೇ ಹೆಸರು ಕಟ್ಟಿದ್ರ ನನ್ನ ಕೂಸಿಗೆ ಬಿಡುಗಡಿ ಅಂತ ಮಾಟ ತಗಿಯಾವರು ಅಂದಿದ್ರು,” ಕಿವಿಯಲ್ಲಿ ಪಿಸುದನಿ. “ನಾ ಹಡದದ್ದು ಆಕಿನ್ನ. ನಿನ್ನಲ್ಲ.”

ಅಯ್ಯೋ, ಆ ರೊಟ್ಟಿ ತಟ್ಟಿದ ಕೈಯೇ! ಸಪ್ನಾಳ ಎದೆ ಒಡೆದುಹೋಯಿತು.

ಅಷ್ಟರಲ್ಲಿ ಒಳಗಿನಿಂದ ಚೀರಾಟ. “ಅವ್ವಾ! ನನಗ ಕಾಣಾಕತ್ತದ! ಎಲ್ಲಾ ಕಾಣಾಕತ್ತದ!” ಸುಮಲತಾ ಓಡಿ ಬಂದಳು. ಸಪ್ನಾ ಆ ಹೆಜ್ಜೆಗಳ ಕಡೆ ಎರಡೂ ಕೈ ಚಾಚಿದಳು. ತುಟಿಗಳು ಅಲುಗಿದವು. ಆ ಹುಡುಗಿ ಅವಳ ದನಿಯನ್ನಷ್ಟೇ ಬಲ್ಲಳು, ಮುಖ ಎಂದೂ ಕಂಡವಳಲ್ಲ.

“ಅವ್ವಾ, ಈ ಹೆಣ್ಮಗಳು ಯಾರು?”

“ಯಾರೋ ಏನೋ, ಹುಚ್ಚಿಯಂಗ ಕಾಣ್ತಾಳ. ನೀ ಒಳಗ ನಡಿ.”

ಬಾಗಿಲು ಮುಚ್ಚಿತು.