ಗುರುವಾರದ ಕೇಬಲ್

"ಈ ಮೆಷಿನ್ನ ವಾಪಸ್ ತಗೊಂಡು ಹೋಗಪ್ಪ," ಎಂದು ಅಪ್ಪ ಕಂಪ್ಯೂಟರ್ ರಿಪೇರಿಯ ಹುಡುಗನಿಗೆ ಹೇಳಿ, ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು. "ತನ್ನನ್ನ ತಾನೇ ನೋಡ್ಕೊಳ್ಳುತ್ತೆ ಅಂತ ನೀನಂದೆ. ನಾಲ್ಕು ಗುರುವಾರಾನೂ ಕೈಕೊಟ್ಟಿದೆ."

ಕಣ್ಣು ಪರೀಕ್ಷೆಯ ಕೋಣೆಯ ಬಾಗಿಲಲ್ಲಿದ್ದ ಮಗಳು ಒಂದು ಹೆಜ್ಜೆ ಮುಂದೆ ಬಂದಳು.

ಅವರ ಕನ್ನಡಕದ ಅಂಗಡಿಯ ಹಳೇ ಕಂಪ್ಯೂಟರ್ ರಿಪೇರಿಗೆ ಅವನು ಎರಡು ವರ್ಷ ಪ್ರತಿ ಗುರುವಾರ ಬರುತ್ತಿದ್ದ. ಹೋಗುವ ಮೊದಲು ಅವಳು ಅವನ ಕಣ್ಣು ಪರೀಕ್ಷಿಸಲೇಬೇಕು.

"ಕೊನೇ ಸಾಲು ಓದಿ."

"ಕಾಣ್ತಿಲ್ಲ."

"ಬೋರ್ಡು ಆ ಕಡೆ ಇದೆ ರೀ, ನನ್ನ ಮುಖದ ಮೇಲಲ್ಲ."

ಆಮೇಲೆ ಅವನೇ ಹಳೇ ಕಂಪ್ಯೂಟರಿನ ಬದಲಿಗೆ ಈ ಲಿನಕ್ಸ್ ಸರ್ವರ್ ಅನ್ನೋ ಹೊಸ ಮೆಷಿನ್ನನ್ನು ಒಂದು ತಿಂಗಳ ಟ್ರಯಲ್‌ಗೆ ತಂದಿಟ್ಟ. ಅಪ್‌ಡೇಟು, ಬ್ಯಾಕಪ್ಪು, ಸಣ್ಣಪುಟ್ಟ ರಿಪೇರಿ ಎಲ್ಲವನ್ನೂ ಅದೇ ಮಾಡಿಕೊಳ್ಳುತ್ತದೆ. "ಇನ್ಮೇಲೆ ನಾನು ಬರೋ ಅಗತ್ಯಾನೇ ಇಲ್ಲ," ಎಂದಿದ್ದ ಪೆದ್ದ, ಅದೂ ಹೆಮ್ಮೆಯಿಂದ!

ಅವಳು ಮೊದಲು ಸ್ವಿಚ್ ಆರಿಸಿ ನೋಡಿದಳು. ಹಾಳಾದ್ದು, ಮತ್ತೆ ಹಾಕುತ್ತಲೇ ಎದ್ದು ಕೂತು ಎಲ್ಲವನ್ನೂ ಸರಿಮಾಡಿಕೊಂಡಿತು. ಕೊನೆಗೆ ಹಿಂದಿನ ನೆಟ್‌ವರ್ಕ್ ಕೇಬಲ್ಲನ್ನೇ ಕಿತ್ತಳು. ಕಿತ್ತದ್ದನ್ನು ಸಿಕ್ಕಿಸಿಕೊಳ್ಳಲು ಅದಕ್ಕೇನು ಕೈಯಿದೆಯೇ? ಅರ್ಧ ಗಂಟೆಯಲ್ಲಿ ಅವನು ಬಂದಿದ್ದ.

"ಇವತ್ತು ಟ್ರಯಲ್ ಮುಗಿಯುತ್ತೆ, ಸರ್," ಎಂದ ಅವನು ಈಗ, ತಗ್ಗಿದ ದನಿಯಲ್ಲಿ. "ಸರ್ವರ್ ವಾಪಸ್ ಬಂದ್ರೆ ನೀನೂ ಕೆಲಸಕ್ಕೆ ಬರ್ಬೇಡ ಅಂದಿದ್ದಾರೆ ಬಾಸ್."

ಅಯ್ಯೋ, ಇದು ಅವಳಿಗೆ ಗೊತ್ತೇ ಇರಲಿಲ್ಲ.

"ಹಾಗಾದ್ರೆ ಹೇಳು, ಇದರಲ್ಲಿ ಏನು ಕೆಡ್ತಿದೆ?"

ಅವನ ಕಣ್ಣು ಒಂದು ಗಳಿಗೆ ಅವಳ ಮೇಲೆ ನಿಂತು ಕೆಳಗಿಳಿಯಿತು. "ನನ್ನದೇ ತಪ್ಪಿರಬೇಕು, ಸರ್." ಸರ್ವರ್ ಎತ್ತಿ ಪೆಟ್ಟಿಗೆಯೊಳಗಿಡಲು ಬಗ್ಗಿದ.

"ಕೇಬಲ್ ಕಿತ್ತಿದ್ದು ನಾನು!" ಅವಳು ಪೆಟ್ಟಿಗೆಗೆ ಅಡ್ಡ ಕೈಯಿಟ್ಟಳು. "ನಾಲ್ಕು ಸಲಾನೂ ನಾನೇ."

"ಯಾಕೆ?"

"ಅದು ಕೆಡದಿದ್ರೆ ಇವರು ಬರಲ್ಲ. ಇವರು ಬರದೆ ನನ್ನ ಕೈಲಿ ಇರೋಕಾಗಲ್ಲ, ಅಪ್ಪಾ."

ಅವನು ಮೆಲ್ಲಗೆ ಫೋನ್ ತೆಗೆದು ಕೌಂಟರಿನ ಮೇಲಿಟ್ಟ. ಪ್ರತಿ ಸಲ ಕೇಬಲ್ ಮತ್ತೆ ಸಿಕ್ಕಿಸಿದೊಡನೆ ಸರ್ವರ್ ತಾನೇ ಕಳಿಸಿದ್ದ ನಾಲ್ಕು ವರದಿಗಳು ಅದರಲ್ಲಿದ್ದವು. ಗುರುವಾರ, ಹನ್ನೊಂದು ಹತ್ತು, ಕೇಬಲ್ ತೆಗೆಯಲಾಗಿದೆ.

"ಮೊದಲ್ನೇ ವಾರಾನೇ ಗೊತ್ತಿತ್ತು," ಎಂದ.

ಅಪ್ಪ ಕಣ್ಣರಳಿಸಿದರು. "ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ಕೀಳೋದು ನಿಲ್ಲಿಸಿಬಿಡ್ತಾರೆ ಅಂತ ಭಯ, ಸರ್."

ಅಪ್ಪ ಕನ್ನಡಕ ಹಾಕಿಕೊಂಡು ಇಬ್ಬರನ್ನೂ ಸರಿಯಾಗಿ ನೋಡಿದರು. "ಮೆಷಿನ್ ಇಲ್ಲೇ ಇರಲಿ," ಎಂದು ಲೆನ್ಸ್ ಉಜ್ಜುವ ಕೋಣೆಗೆ ನಡೆದರು.

ಅವಳು ತಲೆಯೆತ್ತಲಿಲ್ಲ. "ಮುಂದಿನ ಗುರುವಾರ?"

"ಏನೂ ಕೆಡೋದು ಬೇಡ," ಎಂದ ಅವನು. "ಬರ್ತೀನಿ."