ಡಾಕ್ಟರು ಏನಂದರು?

“ಇನ್ಮೇಲೆ ಈ ಮನೆಯವರಿಗೆ ಡಾಕ್ಟರು ಏನೇ ಹೇಳಲಿ, ನಾನೇ ಕೇಳಿ, ಒಂದಕ್ಷರ ಮುಚ್ಚಿಡದೆ ನಿಮಗೆ ಹೇಳ್ತೀನಿ ಅತ್ತೆ!”

ಆಪರೇಷನ್ನಿಗೆ ಒಳಗೆ ಹೋದ ಮಾವ ಹೆಣವಾಗಿ ಹೊರಬಂದ ದಿನ ಸೊಸೆ ಕೊಟ್ಟ ಮಾತದು. ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಹೇಳಿದ್ದರು; ಎಲ್ಲರೂ ತಲೆಯಾಡಿಸಿದ್ದರು. ಯಾರಿಗೂ ಏನೂ ಅರ್ಥವಾಗಿರಲಿಲ್ಲ…

ಈಗ ಅತ್ತೆಯ ಎದೆಯೇ ಕೈಕೊಟ್ಟಿತ್ತು; ಆಪರೇಷನ್ ಆಗಬೇಕಿತ್ತು. ನರ್ಸು ವಿವರಿಸಲು ಬಂದರೆ, “ಅವತ್ತು ‘ಏನೂ ಆಗಲ್ಲ’ ಅಂದವಳೂ ನಿನ್ನಂಥವಳೇ! ತಿಳಿಯದ ಮಾತಿಗೆ ನಾನು ಹೂಂ ಅನ್ನಲ್ಲ” ಎಂದು ಪಟ್ಟು ಹಿಡಿದರು.

ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು ಬೆನ್ನು ಮುರಿದುಕೊಂಡು ಬರುವ ಸೊಸೆ, ಮಾತು ಕೊಟ್ಟಂದಿನಿಂದ ಒಲೆಯ ಮುಂದೆ ನಿಂತು, ಮೊಬೈಲಿನಲ್ಲಿ ಇಬ್ಬರು ವೈದ್ಯರು ಹರಟುವ ಇಂಗ್ಲಿಷ್ ಪಾಡ್‌ಕಾಸ್ಟಿಗೆ ಕಿವಿಗೊಡುತ್ತಿದ್ದಳು.

“ಹಾಲು ಉಕ್ತಾ ಇದೆಯಲ್ಲೇ! ಕಿವಿಯೊಳಗಿನ ಡಾಕ್ಟರು ಅದನ್ನ ಹೇಳಲಿಲ್ವಾ?” ಅತ್ತೆ ಚುಚ್ಚುತ್ತಿದ್ದರು.

ಆದರೆ ಡಾಕ್ಟರ ಎದುರು ಕೂತಾಗ ಅವಳಿಗೆ ಒಂದು ವಾಕ್ಯವೂ ಕೈಗೆ ಸಿಗಲಿಲ್ಲ. ಕೇಳಲು ಸುಲಭವೆಂದು ಅಷ್ಟು ತಿಂಗಳೂ ಮೊಬೈಲಿನ ವೇಗವನ್ನು ಅರ್ಧಕ್ಕಿಳಿಸಿಟ್ಟಿದ್ದಳು ಹುಚ್ಚಿ! ನಿಜದ ಡಾಕ್ಟರನ್ನು ಯಾರು ನಿಧಾನಿಸುತ್ತಾರೆ?

“ಏನಂದ್ರು?”

“ಗೊತ್ತಾಗಲಿಲ್ಲ ಅತ್ತೆ…” ಅವಳು ಬಿಕ್ಕಿದಳು.

ಅತ್ತೆ ಬೈಯಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಮನೆಗೆ ಬಂದು ಮಾತ್ರ, “ಹಚ್ಚು ಆ ಡಬ್ಬಾನ, ಜೋರಾಗಿ ಓಡಲಿ. ಕೇಳಿದ್ದನ್ನ ಹಾಗೇ ನಂಗೆ ಹೇಳು. ಸುಳ್ಳು ಹೇಳಿದ್ರೆ ಗೊತ್ತಾಗುತ್ತೆ” ಎಂದರು.

ಅಂದಿನಿಂದ ಪೂರ್ತಿ ವೇಗ. ಮೊದಲ ಸಲ ನಿಲ್ಲಿಸದೆ ಕೇಳುವುದು, ಎರಡನೆಯ ಸಲ ತಪ್ಪಿಹೋದದ್ದನ್ನು ಹಿಡಿಯುವುದು, ಆಮೇಲೆ ಅತ್ತೆಗೆ ಕನ್ನಡದಲ್ಲಿ ಒಪ್ಪಿಸುವುದು. “ಯಾಕೆ? ಆಮೇಲೆ? ರೋಗಿ ಬದುಕಿದ್ನಾ?” ಅತ್ತೆಯ ಪಾಟೀಸವಾಲಿಗೆ ಹೆದರಿ ಅವಳು ಇನ್ನೊಮ್ಮೆ ಕೇಳುತ್ತಿದ್ದಳು. ಬರಬರುತ್ತಾ, ಅವಳು ಬರುವ ಹೊತ್ತಿಗೆ ಅತ್ತೆಯೇ ಮೊಬೈಲಿನ ಚಾರ್ಜರ್ ಹಿಡಿದು ಕಾಯತೊಡಗಿದರು!

ಮತ್ತೆ ಅದೇ ಡಾಕ್ಟರು, ಅದೇ ವೇಗ. ಒಂದು ಮಾತು ಜಾರಿತು. ತಲೆಯಾಡಿಸದೆ, “ಅದನ್ನು ಇನ್ನೊಮ್ಮೆ ಹೇಳಿ” ಎಂದು ಇಂಗ್ಲಿಷಿನಲ್ಲೇ ಕೇಳಿದಳು.

ಹೊರಗೆ ಬೆಂಚಿನ ಮೇಲೆ ಅತ್ತೆಯ ಕೈ ಹಿಡಿದಳು. “ಅಪಾಯ ಇಲ್ಲ ಅನ್ನಲಿಲ್ಲ ಅತ್ತೆ. ಇದೆ, ಆದರೆ ಕಮ್ಮಿ. ಮಾಡಿಸದಿದ್ರೇ ಜಾಸ್ತಿಯಂತೆ. ಎಚ್ಚರವಾದಾಗ ಗಂಟಲಲ್ಲಿ ನಳಿಗೆ ಇರುತ್ತೆ, ಸ್ವಲ್ಪ ಹೊತ್ತು ಮಾತಾಡೋಕಾಗಲ್ಲ… ಹೆದರಬಾರದಂತೆ.”

ಅತ್ತೆ ಪೆನ್ನಿಗೆ ಕೈ ಚಾಚಿದರು.

“ಹಾಗಾದ್ರೆ ಅಷ್ಟು ಹೊತ್ತು ನಿನಗೆ ರಜೆ… ಎಲ್ಲಿ ಸಹಿ ಹಾಕ್ಬೇಕು, ಮಗಳೇ?”

ಸೊಸೆ ಕೊಟ್ಟ ಮಾತನ್ನು ಉಳಿಸಿಕೊಂಡಳು.